ಕಿಸೆ ಇಲ್ಲದವರ ಪೆನ್ನು

ಹಾವೇರಿಯಲ್ಲಿ ೨೦೨೩ರ ಜನವರಿ ೬, ೭ ಮತ್ತು ೮ರಂದು ೮೬ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಅಲ್ಲಿಗೆ ನಮ್ಮ ಶಾಲೆಯಿಂದ ನಾವು ನಾಲ್ವರು ಶಿಕ್ಷಕಿಯರು ಹೋಗಿದ್ದೆವು. ದೂರದಲ್ಲಿ ನಿಂತು ಭಾಷಣ ಕೇಳಿ, ಸಾಲಿನಲ್ಲಿ ನಿಂತು ಉಂಡು, ಪುಸ್ತಕದ ಮಳಿಗೆಗಳಿಗೆ ನುಗ್ಗಿದೆವು. ಒಂದು ಮಳಿಗೆಯ ಮುಂದೆ, ನಾನು ಕಾಲೇಜಿನ ದಿನಗಳಿಂದ ಓದುತ್ತ ಬಂದ ಲೇಖಕಿಯೊಬ್ಬರು ಕುಳಿತಿದ್ದರು. ಅವರ ಪುಸ್ತಕ ಕೊಂಡು, ಮೊದಲ ಪುಟ ತೆರೆದು, ಸಂಕೋಚದಿಂದಲೇ ಮುಂದೆ ಹಿಡಿದೆ. ಅವರು ನಕ್ಕು, "ಪೆನ್ನು ಇದೆಯೇನಮ್ಮಾ?" ಎಂದರು.

ಇತ್ತು. ಅಂದೇ ಮುಂಜಾನೆ ಹೆಮ್ಮೆಯಿಂದ ಹಾಕಿಕೊಂಡು ಬಂದ ಇಂಕ್ ಪೆನ್ನು. ಬ್ಯಾಗಿನಲ್ಲಿ ಕೈ ಹಾಕಿದೆ. ಕೈ ಹೊರಗೆ ಬಂದಾಗ ಐದು ಬೆರಳೂ ನೀಲಿ. ಪೆನ್ನಿನ ಟೋಪಿ ಒಂದು ಕಡೆ, ಪೆನ್ನು ಒಂದು ಕಡೆ. ಕರವಸ್ತ್ರ, ಕನ್ನಡಕದ ಮನೆ, ಬಸ್ಸಿನ ಪಾಸು ಎಲ್ಲಕ್ಕೂ ನೀಲಿ ಅಭಿಷೇಕ ಆಗಿತ್ತು. ಲೇಖಕಿಯವರು ತಮ್ಮ ಚೀಲ ತಡಕಾಡಿದರು. ಅವರಿಗೂ ಪೆನ್ನು ಸಿಗಲಿಲ್ಲ. ಅಷ್ಟರಲ್ಲಿ ಸುತ್ತ ನಿಂತ ನಾಲ್ಕು ಗಂಡಸರ ಕೈ ಒಟ್ಟಿಗೇ ತಮ್ಮ ತಮ್ಮ ಅಂಗಿಯ ಕಿಸೆಗೆ ಹೋಯಿತು. ಅವರಲ್ಲಿ ಒಬ್ಬರ ಬಾಲ್ ಪೆನ್ನಿನಿಂದ ಲೇಖಕಿಯವರು ಸಹಿ ಮಾಡಿಕೊಟ್ಟರು. ಒಬ್ಬಾಕೆ ಜೀವಮಾನವಿಡೀ ಬರೆದವರು, ಇನ್ನೊಬ್ಬಾಕೆ ಜೀವಮಾನವಿಡೀ ಬರೆಯಲು ಕಲಿಸಿದವಳು. ಇಬ್ಬರ ಕೈಯಲ್ಲೂ ಪೆನ್ನಿಲ್ಲ! ಬಸ್ಸಿನಲ್ಲಿ ಮರಳಿ ಬರುವಾಗ ಉಳಿದ ಮೂವರೂ ನನ್ನ ನೀಲಿ ಕೈ ನೋಡಿ ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕೆ. ಆದರೆ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯಿತು. ಪೆನ್ನು ಮಾಡುವವರು ಯಾರನ್ನು ನೆನೆದು ಮಾಡುತ್ತಾರೆ?

ಪೆನ್ನನ್ನು ಕೈಯಲ್ಲಿ ಹಿಡಿದು ನೋಡಿ. ಟೋಪಿಗೆ ಒಂದು ಕ್ಲಿಪ್ಪು ಇರುತ್ತದೆ. ಅದು ಅಂಗಿಯ ಎದೆಗಿಸೆಗೆ ಸಿಕ್ಕಿಸಲು. ಕಿಸೆಯಲ್ಲಿ ಪೆನ್ನು ಸೆಟೆದು ನಿಲ್ಲುತ್ತದೆ, ನಿಬ್ಬು ಮೇಲೆ, ಮಸಿ ಕೆಳಗೆ. ಹಾಗೆ ನಿಂತಿರುವವರೆಗೆ ಎಂಥ ಪೆನ್ನೂ ಸಾಮಾನ್ಯವಾಗಿ ಸೋರುವುದಿಲ್ಲ. ಸೀರೆಗೆ ಕಿಸೆಯಿಲ್ಲ, ಕುಪ್ಪಸಕ್ಕೆ ಕಿಸೆಯಿಲ್ಲ. ನಮ್ಮ ಪೆನ್ನು ಬ್ಯಾಗಿನಲ್ಲಿ ಊಟದ ಡಬ್ಬಿ, ಬೀಗದ ಕೈ, ಮಾತ್ರೆಯ ಚೀಟಿಗಳ ನಡುವೆ ಮಲಗಿ, ಉರುಳಿ, ತಲೆಕೆಳಗಾಗಿ ಪ್ರಯಾಣ ಮಾಡಬೇಕು. ಆದ್ದರಿಂದ ಗಂಡಸರಿಗೆ ಒಳ್ಳೆಯದಾದ ಪೆನ್ನು ನಮಗೂ ಒಳ್ಳೆಯದಾಗಬೇಕೆಂದಿಲ್ಲ. ಅಂಗಡಿಯವರೂ ಇದನ್ನು ಹೇಳುವುದಿಲ್ಲ, ಜಾಹೀರಾತಿನವರೂ ಹೇಳುವುದಿಲ್ಲ. ಅದಕ್ಕೇ ನಾನು ಹೇಳಲು ಹೊರಟಿದ್ದೇನೆ.

"ಇಷ್ಟೆಲ್ಲ ರಗಳೆ ಯಾಕೆ, ಜೆಲ್ ಪೆನ್ನು ಇಲ್ಲವೇ?" ಎಂದು ನೀವು ಕೇಳುತ್ತೀರಿ. ನಮ್ಮ ಮನೆಯವರೂ ಅದನ್ನೇ ಕೇಳಿದರು. ಕಾರಣ ನನ್ನ ಹೆಬ್ಬೆರಳು. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಹೆಬ್ಬೆರಳು ಅದು. ಒಂದು ಚಳಿಗಾಲದಲ್ಲಿ ರೊಟ್ಟಿ ತಟ್ಟುವಾಗ ಚುಳ್ ಎಂದು ಹಿಡಿದದ್ದು ಬಿಡಲಿಲ್ಲ. ರಾಣೆಬೆನ್ನೂರಿನಲ್ಲಿ ತೋರಿಸಿದಾಗ ಡಾಕ್ಟರು ನನ್ನ ಕೈಗೆ ಒಂದು ಬಾಲ್ ಪೆನ್ನು ಕೊಟ್ಟು ನಾಲ್ಕು ಸಾಲು ಬರೆಸಿದರು. ಬರೆದ ಹಾಳೆಯನ್ನು ತಿರುವಿ, ಹಿಂಬದಿಗೆ ಬೆರಳು ಆಡಿಸಿ, "ಇಲ್ನೋಡ್ರಿ ಟೀಚರ್, ಹಾಳಿ ಹಿಂದ ಅಕ್ಷರ ಎದ್ದಾವ. ನೀವು ಬರಿಯಾಕತ್ತಿಲ್ಲ, ಕೆತ್ತಾಕತ್ತೀರಿ" ಎಂದರು. ಒತ್ತದೆ ಬರೆಯುವುದನ್ನು ಕಲಿಯಿರಿ ಎಂಬುದೇ ಅವರ ಔಷಧಿ.

ಅವರು ಹೇಳಿದ್ದು ನಿಜ. ಬಾಲ್ ಪೆನ್ನಿನ ಮಸಿ ಎಣ್ಣೆಯ ಹಾಗೆ ದಪ್ಪ. ತುದಿಯ ಪುಟ್ಟ ಗುಂಡು ಉರುಳಿದರೆ ಮಾತ್ರ ಅದು ಕಾಗದಕ್ಕೆ ಇಳಿಯುತ್ತದೆ, ಉರುಳಬೇಕಾದರೆ ಒತ್ತಬೇಕು. ಹಂಗೇರಿಯ ಪತ್ರಕರ್ತ ಲಾಸ್ಲೋ ಬೀರೊ ೧೯೩೮ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಲೋಕಕ್ಕೆ ಅದರಿಂದ ಉಪಕಾರವಾಯಿತು, ಸುಳ್ಳಲ್ಲ. ಇಂಕ್ ಪೆನ್ನಿನ ರೀತಿಯೇ ಬೇರೆ. ಅಮೆರಿಕದ ಲೂಯಿಸ್ ವಾಟರ್‌ಮನ್ ೧೮೮೪ರಲ್ಲಿ ಪೇಟೆಂಟ್ ಪಡೆದ ಪೆನ್ನಿನಲ್ಲಿ ಮುಖ್ಯವಾದದ್ದು ನಿಬ್ಬಿನ ಕೆಳಗಿನ ನಾಲಿಗೆ. ಅದರ ಗೀರುಗಳ ಮೂಲಕ ಮಸಿ ಕೆಳಗಿಳಿಯುತ್ತದೆ, ಇಳಿದಷ್ಟು ಜಾಗಕ್ಕೆ ಗಾಳಿ ಮೇಲೇರುತ್ತದೆ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ, ನಿಬ್ಬಿನ ಸೀಳು ಮಸಿಯನ್ನು ತಾನಾಗಿಯೇ ತುದಿಗೆ ತರುತ್ತದೆ. ಕಾಗದಕ್ಕೆ ಮುಟ್ಟಿಸಿದರೆ ಸಾಕು, ಒತ್ತುವ ಕೆಲಸವೇ ಇಲ್ಲ. ಜೆಲ್ ಪೆನ್ನು ಕೂಡ ಬಾಲ್ ಪೆನ್ನಿಗಿಂತ ಹಗುರವಾಗಿ ಓಡುತ್ತದೆ, ಒಪ್ಪುತ್ತೇನೆ. ಆದರೆ ಒಂದು ವರ್ಷ ನಾನು ಬರೆದು ಮುಗಿಸಿದ ಜೆಲ್ ಪೆನ್ನುಗಳನ್ನು ಎಸೆಯದೆ ಬಿಸ್ಕೀಟಿನ ಡಬ್ಬಿಯಲ್ಲಿ ಹಾಕುತ್ತ ಬಂದೆ. ವರ್ಷದ ಕೊನೆಗೆ ಎಣಿಸಿದರೆ ೪೧! ಡಬ್ಬಿ ಮುಚ್ಚಲು ಬರಲಿಲ್ಲ. ಒಬ್ಬಳೇ ಟೀಚರು, ಒಂದೇ ವರ್ಷ.

ಇಲ್ಲಿ ನನ್ನ ಊರುಗಳ ಪರಿಚಯ ಹೇಳಬೇಕು. ನಾನು ಹುಟ್ಟಿದ್ದು ಬ್ಯಾಡಗಿ. ಕೊಟ್ಟ ಮನೆ ರಾಣೆಬೆನ್ನೂರು. ನೌಕರಿಯ ಮೊದಲ ಅರ್ಧ ಹಾವೇರಿ ಕಡೆಗೆ, ಈಗ ಮತ್ತೆ ಬ್ಯಾಡಗಿ ಕಡೆಗೆ. ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ರೈಲಿನ ದಾರಿಯಲ್ಲಿ ಈ ಮೂರೂ ಒಂದರ ಹಿಂದೆ ಒಂದು ಬರುತ್ತವೆ. ನನ್ನ ಬಾಳೆಲ್ಲ ಇಷ್ಟೇ ದಾರಿಯಲ್ಲಿ ಕಳೆಯಿತು, ಪೆನ್ನಿನ ಹುಡುಕಾಟವೂ ಅಷ್ಟೇ ದಾರಿಯಲ್ಲಿ ನಡೆಯಿತು.

ನಮ್ಮ ಅಪ್ಪ ಬ್ಯಾಡಗಿಯ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಬಿಳಿ ಅಂಗಿಯ ಕಿಸೆಯಲ್ಲಿ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ಅಣ್ಣ ಏಳನೆಯ ಇಯತ್ತೆ ಪಾಸಾದಾಗ ಅವನಿಗೆ ಹೊಸ ಪೆನ್ನು ಬಂತು. ಎರಡು ವರ್ಷದ ನಂತರ ನಾನು ಪಾಸಾದಾಗ ನನಗೆ ಬಂದದ್ದು ಅಣ್ಣನ ಹಳೆಯ ಪೆನ್ನು. ಅವನಿಗೆ ಮತ್ತೊಂದು ಹೊಸದು. ಅಪ್ಪನಿಗೆ ನನ್ನ ಮೇಲೆ ಪ್ರೀತಿ ಕಡಿಮೆ ಎಂದಲ್ಲ. "ನಿನಗ ಕಿಸೆ ಎಲ್ಲೈತವ್ವಾ? ಕಳಕೊಂಡು ಬರತಿ" ಎಂದಿದ್ದರು ಅಷ್ಟೆ. ಆಗ ಅದು ನನಗೂ ಸರಿ ಎನಿಸಿತ್ತು. ಕಿಸೆ ಇಲ್ಲದವಳಿಗೆ ಹೊಸ ಪೆನ್ನು ಯಾಕೆ? ಆ ಹಳೆಯ ಪೆನ್ನು ಕಂಪಾಸ್ ಪೆಟ್ಟಿಗೆಯಲ್ಲಿ ಮಲಗಿ ಮಲಗಿ ಸೋರಿ, ನನ್ನ ಲಂಗಕ್ಕೆ ಕಲೆ ಮಾಡುತ್ತಿತ್ತು. ಅವ್ವ ಒಂದು ದಿನ ನಮ್ಮ ಅಜ್ಜಿಯ ಎಲೆ ಅಡಿಕೆಯ ಸಂಚಿ ನೋಡಿ ಅದೇ ನಮೂನೆಯ ಒಂದು ಉದ್ದನೆಯ ಸಂಚಿ ಹೊಲಿದುಕೊಟ್ಟಳು. ಪಾಟಿಚೀಲದ ಒಳಗೆ ಅದು ನೆಟ್ಟಗೆ ನಿಲ್ಲುತ್ತಿತ್ತು. ಅಂದಿನಿಂದ ಪೆನ್ನು ಸೋರಲಿಲ್ಲ. ಅವ್ವನಿಗೆ ಸಹಿ ಮಾಡುವಷ್ಟೇ ಅಕ್ಷರ ಬರುತ್ತಿತ್ತು. ಆದರೂ ಪೆನ್ನು ನಿಂತಿರಬೇಕು ಎಂಬುದನ್ನು ಅವಳೇ ಕಂಡುಕೊಂಡಿದ್ದಳು.

ಹಾವೇರಿಯ ಆ ನೀಲಿ ಕೈಯ ನಂತರ ನಾನು ಮೂರೂ ಊರಿನ ಅಂಗಡಿಗಳನ್ನು ಸುತ್ತಿದೆ. ಎಲ್ಲೆಡೆ ಮೊದಲ ಉತ್ತರ ಒಂದೇ: "ಅಕ್ಕೋರ, ಈಗ ಯಾರ್ರೀ ಇಂಕ್ ಪೆನ್ನ ತಗೊಳ್ಳಾರು? ಜೆಲ್ ತಗೊರ್ರಿ." ಒತ್ತಾಯ ಮಾಡಿದರೆ ಮೇಲಿನ ಹಲಗೆಯಿಂದ ಧೂಳು ಹಿಡಿದ ಪೆಟ್ಟಿಗೆ ಇಳಿಯುತ್ತದೆ. ಹೀಗೆ ಎರಡು ವರ್ಷದಲ್ಲಿ ಐದು ತರದ ಪೆನ್ನುಗಳನ್ನು ನಾನು ಬಳಸಿ ನೋಡಿದೆ. ಒಂದೊಂದನ್ನೂ ಕನಿಷ್ಠ ಎರಡು ತಿಂಗಳು ಬಳಸಿದ್ದೇನೆ. ಅಂಗಡಿಯ ಕಟ್ಟೆಯ ಮೇಲೆ ಗೀಚಿ ನೋಡಿ ಹೇಳುವ ಮಾತಲ್ಲ ಇದು.

ಮೊದಲನೆಯದು ಮಕ್ಕಳ ಪೆನ್ನು. ಅಗ್ಗದ ಪ್ಲಾಸ್ಟಿಕ್ಕು, ಒಳಗೆ ಮಸಿಯ ಕೊಳವೆ. ಕೊಳವೆ ಖಾಲಿಯಾದರೆ ಎಸೆದು ಹೊಸದನ್ನು ಚುಚ್ಚಬೇಕು. ಸೋರುವುದು ಕಡಿಮೆ, ಕೈ ಹೊಲಸಾಗುವುದಿಲ್ಲ. ಆದರೆ ನಮ್ಮ ಊರುಗಳಲ್ಲಿ ಆ ಕೊಳವೆ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಪೆನ್ನು ಅಗ್ಗ, ಅದರ ಹೊಟ್ಟೆಗೆ ಹಾಕುವುದು ತುಟ್ಟಿ.

ಎರಡನೆಯದು ಉಡುಗೊರೆಯ ಪೆನ್ನು. ಮಖಮಲ್ಲಿನ ಪೆಟ್ಟಿಗೆಯಲ್ಲಿ ಬಂದದ್ದು, ಮೈಯೆಲ್ಲ ಬಂಗಾರದ ಬಣ್ಣ. ನಮ್ಮ ಕಡೆ ನಿವೃತ್ತಿ ಸಮಾರಂಭಗಳಲ್ಲಿ ಶಾಲು, ಹಾರದ ಜೊತೆಗೆ ಇದನ್ನೂ ಕೊಡುವ ಪದ್ಧತಿ ಇದೆ. ಕಬ್ಬಿಣದ ಸಲಾಕೆಯಷ್ಟು ಭಾರ. ಹತ್ತು ಉತ್ತರಪತ್ರಿಕೆ ತಿದ್ದುವುದರೊಳಗೆ ಹೆಬ್ಬೆರಳು ಮತ್ತೆ ಚುಳ್ ಎಂದಿತು. ಬರೆಯುವುದು ನಿಂತವರಿಗೆ ಕೊಡುವ ಪೆನ್ನು ಅದು, ಬರೆಯುವವರಿಗಲ್ಲ.

ಮೂರನೆಯದು ನಿಬ್ಬನ್ನು ಒಳಗೆ ಮುಚ್ಚಿಟ್ಟುಕೊಂಡ ಪೆನ್ನು. ಶಾಂಘೈಯ ಹೀರೊ ಪೆನ್ನು ಕಂಡವರಿಗೆ ಇದು ಗೊತ್ತಿರುತ್ತದೆ: ತುದಿ ಮಾತ್ರ ಗಿಳಿಯ ಕೊಕ್ಕಿನ ಹಾಗೆ ಹೊರಗೆ, ಉಳಿದ ನಿಬ್ಬೆಲ್ಲ ಸೆರಗಿನ ಮರೆಯಲ್ಲಿ. ಅಮೆರಿಕದ ಪಾರ್ಕರ್ ಕಂಪನಿ ೧೯೪೧ರಲ್ಲಿ ಹೊರತಂದ ೫೧ ಎಂಬ ಪೆನ್ನಿನ ನಮೂನೆ ಇದು. ನಾನು ಶಾಲೆಯಲ್ಲಿದ್ದಾಗ ಹೀರೊ ಪೆನ್ನು ಇದ್ದವನೇ ವರ್ಗದ ಹೀರೊ ಆಗಿರುತ್ತಿದ್ದ. ನಿಬ್ಬು ಮುಚ್ಚಿರುವುದರಿಂದ ಮಸಿ ಬೇಗ ಒಣಗುವುದಿಲ್ಲ, ಗೆರೆ ಸಣ್ಣ, ಮೈ ಹಗುರ. ಅಗ್ಗದ ಪೆನ್ನುಗಳಲ್ಲಿ ಇದು ಒಳ್ಳೆಯ ಜಾತಿ. ಆದರೆ ಎಳೆದರೆ ಬರುವ ಟೋಪಿ. ಟೋಪಿಯ ಹಿಡಿತ ಸಡಿಲಾದರೆ ಬ್ಯಾಗಿನಲ್ಲಿ ಬಿಚ್ಚಿಕೊಳ್ಳುತ್ತದೆ. ಕಿಸೆ ಇದ್ದವರಿಗೆ ಈ ಮಾತು ತಟ್ಟುವುದಿಲ್ಲ. ನಿಬ್ಬು ಕೆಟ್ಟರೆ ಸೆರಗು ಸರಿಸಿ ರಿಪೇರಿ ಮಾಡಲು ಬಲ್ಲ ಕೈಯೇ ಬೇಕು.

ನಾಲ್ಕನೆಯದು ಹೊಟ್ಟೆಗೆ ನೇರವಾಗಿ ಮಸಿ ಹಾಕುವ, ತಿರುಗಿಸಿ ಮುಚ್ಚುವ ಟೋಪಿಯ ನಮ್ಮ ದೇಶದ ಹಳೆಯ ನಮೂನೆಯ ಪೆನ್ನು. ಐದನೆಯದು ಅದರದ್ದೇ ತಮ್ಮ. ಒಳಗೆ ಮಸಿ ಎಳೆದುಕೊಳ್ಳುವ ಪಿಚಕಾರಿ ಇರುವುದು. ಈ ಎರಡರ ಬಗ್ಗೆ ಹೇಳುವ ಮೊದಲು ಪೆನ್ನನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನು ಹೇಳಿಬಿಡುತ್ತೇನೆ.

ಅಂಗಡಿಯಲ್ಲಿ ಪೆನ್ನು ಕೈಗೆ ಕೊಟ್ಟರೆ ಎಲ್ಲರೂ ಸಹಿ ಮಾಡಿ ನೋಡುತ್ತಾರೆ, ಇಲ್ಲವೇ ಗೋಜಲು ಗೀಚುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಅಪ್ಪ ಮೆಣಸಿನಕಾಯಿ ಚೀಲ ನೋಡುವಾಗ ಬಾಯಿಯ ಹತ್ತಿರದ ಕಾಯಿ ನೋಡುತ್ತಿರಲಿಲ್ಲ, ನಡುಗರ್ಭಕ್ಕೆ ಕೈ ಹಾಕಿ ಒಂದು ಮುಷ್ಟಿ ತೆಗೆಯುತ್ತಿದ್ದರು. ಪೆನ್ನನ್ನೂ ಹಾಗೆಯೇ ನೋಡಬೇಕು. ನಮ್ಮ ಅಕ್ಷರಗಳು ದುಂಡು. ತಾಳೆಗರಿಯ ಮೇಲೆ ಕಂಟದಿಂದ ನೆಟ್ಟನೆಯ ಗೆರೆ ಎಳೆದರೆ ಗರಿ ಸೀಳುತ್ತದೆಂದು ಅಕ್ಷರಗಳು ದುಂಡಾದವು ಎಂದು ತಿಳಿದವರು ಹೇಳುತ್ತಾರೆ. ದುಂಡು ಬರೆಯುವಾಗ ನಿಬ್ಬು ಎಲ್ಲ ದಿಕ್ಕಿಗೂ ಹೊರಳಬೇಕು. ಕೆಳಗೆ ಎಳೆಯುವಾಗ ಕೆಟ್ಟ ನಿಬ್ಬೂ ಸುಮ್ಮನಿರುತ್ತದೆ, ಮೇಲಕ್ಕೆ ದೂಡುವಾಗ ಕಾಗದ ಕೆರೆಯುತ್ತದೆ. ಆದ್ದರಿಂದ 'ಠ', 'ಲ', 'ಳ' ಬರೆದು ನೋಡಿ. ಎಲ್ಲಿ ಚರ್ ಎನ್ನುತ್ತದೋ ಅಲ್ಲಿ ಅದರ ಗುಣ ತಿಳಿಯುತ್ತದೆ. ಆಮೇಲೆ 'ಸ್ವಾತಂತ್ರ್ಯ' ಎಂದು ಬರೆಯಿರಿ. ಈ ಒಂದೇ ಶಬ್ದದಲ್ಲಿ ಸೊನ್ನೆಯಿದೆ, ಒತ್ತಕ್ಷರವಿದೆ, ಒತ್ತಿನ ಕೆಳಗೆ ಮತ್ತೊಂದು ಒತ್ತಿದೆ. ದಪ್ಪ ನಿಬ್ಬಾದರೆ ಸೊನ್ನೆ ತುಂಬಿ ಚುಕ್ಕೆಯಾಗುತ್ತದೆ, ಒತ್ತುಗಳು ಒಂದಕ್ಕೊಂದು ಅಂಟಿ ಇರುವೆ ಸತ್ತ ಹಾಗೆ ಕಾಣುತ್ತವೆ. ಇಂಗ್ಲಿಷಿಗೆ ಚೆಂದ ಕಾಣುವ ನಿಬ್ಬು ಗೆರೆಹಾಳೆಯ ಕನ್ನಡಕ್ಕೆ ದಪ್ಪವಾಗಬಹುದು. ನಮಗೆ ಬೇಕಾದದ್ದು ಸಣ್ಣ ನಿಬ್ಬು. ನಮ್ಮ ನೋಟುಪುಸ್ತಕಗಳ ತೆಳು ಕಾಗದಕ್ಕೂ ಅದೇ ಹಿತ. ದಪ್ಪ ನಿಬ್ಬಿನ ಮಸಿ ಹಿಂದಿನ ಪುಟಕ್ಕೆ ಇಳಿಯುತ್ತದೆ.

ಇಷ್ಟಾದ ಮೇಲೂ ಒಂದು ಪರೀಕ್ಷೆ ಉಳಿಯುತ್ತದೆ, ಅದು ಮನೆಯಲ್ಲಿ. ಶನಿವಾರ ಮಧ್ಯಾಹ್ನ ಟೋಪಿ ಮುಚ್ಚಿಟ್ಟ ಪೆನ್ನು ಸೋಮವಾರ ಮುಂಜಾನೆ ಹಾಜರಿ ಪುಸ್ತಕದಲ್ಲಿ ಮೊದಲ ಹೆಸರನ್ನು ಜಾಡಿಸದೆ ಬರೆಯಬೇಕು. ಬರೆದರೆ ಅದನ್ನು ಇಟ್ಟುಕೊಳ್ಳಿ. ಐದರಲ್ಲಿ ಮೂರು ಪೆನ್ನುಗಳನ್ನು ನಾನು ಸೋಮವಾರದ ಪರೀಕ್ಷೆಯಲ್ಲಿ ನಪಾಸು ಮಾಡಿದ್ದೇನೆ.

ಈಗ ನಾಲ್ಕನೆಯ ಪೆನ್ನಿಗೆ ಬರೋಣ. ತಿರುಗಿಸುವ ಟೋಪಿ, ಸಣ್ಣ ನಿಬ್ಬು, ಸೋಮವಾರದ ಪರೀಕ್ಷೆಯಲ್ಲಿ ಪಾಸು. ಇದೇ ನನ್ನ ಪೆನ್ನು ಎಂದು ಸಂಭ್ರಮಪಟ್ಟೆ. ಮೂರನೆಯ ವಾರ ನಡು ಪಾಠದಲ್ಲಿ ಒಂದು ದೊಡ್ಡ ಹನಿ ಟಪ್ ಎಂದು ಹಾಜರಿ ಪುಸ್ತಕದ ಮೇಲೆ ಬಿತ್ತು. ಸಿಟ್ಟು ಬಂದು ರಾಣೆಬೆನ್ನೂರಿನಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬ ಹಿರಿಯರ ಹತ್ತಿರ ಒಯ್ದೆ. ಕಪಾಟಿನಷ್ಟೇ ಅಗಲದ ಅಂಗಡಿ. ಒಂದು ಕಾಲಕ್ಕೆ ಗಡಿಯಾರಕ್ಕಿಂತ ಪೆನ್ನುಗಳೇ ಹೆಚ್ಚು ಬರುತ್ತಿದ್ದವಂತೆ. ಪೆನ್ನು ಬಿಚ್ಚಿ ಬೆಳಕಿಗೆ ಹಿಡಿದು ಕೇಳಿದರು: "ಮಸಿ ಯಾವಾಗ ಹಾಕಿದ್ರಿ ಅಕ್ಕೋರ?"

"ಹೋದ ವಾರ. ಇನ್ನೂ ಕಾಲುಭಾಗ ಐತಲ್ರಿ?"

"ಅದಕ್ಕ ಸೋರೇತಿ. ಪೆನ್ನು ತುಂಬಿದ್ರ ಸೋರೂದಿಲ್ರಿ, ಖಾಲಿ ಆಕ್ಕೋಂತ ಬಂದ್ರ ಸೋರತೈತಿ."

ನನಗೆ ಇದು ಉಲ್ಟಾ ಲೆಕ್ಕವೆನಿಸಿತು. ಅವರು ತಿಳಿಸಿ ಹೇಳಿದರು. ಹೊಟ್ಟೆಯಲ್ಲಿ ಮಸಿ ಕಡಿಮೆಯಾದಷ್ಟೂ ಗಾಳಿ ಹೆಚ್ಚುತ್ತದೆ. ಕೈಯ ಬಿಸಿಗೆ, ನಮ್ಮ ಬೇಸಿಗೆಯ ಬಿಸಿಲಿಗೆ ಆ ಗಾಳಿ ಹಿಗ್ಗಿ ಮಸಿಯನ್ನು ಹೊರಗೆ ದೂಡುತ್ತದೆ. ಆದ್ದರಿಂದ ಅರ್ಧಕ್ಕೆ ಬರುವುದರೊಳಗೆ ಮತ್ತೆ ತುಂಬಬೇಕು, ತಿರುಪಿಗೆ ತುಸು ಸಿಲಿಕೋನ್ ಗ್ರೀಸು ಸವರಬೇಕು. ತುಂಬಿದ ಕೊಡ ತುಳುಕುವುದಿಲ್ಲ ಎಂದು ಎಷ್ಟು ವರ್ಷ ಮಕ್ಕಳಿಗೆ ಗಾದೆಯ ವಿಸ್ತರಣೆ ಬರೆಸಿದ್ದೇನೋ! ಅದು ಪೆನ್ನಿನ ವಿಷಯದಲ್ಲಿ ಅಕ್ಷರಶಃ ನಿಜವೆಂದು ಐವತ್ತು ದಾಟಿದ ಮೇಲೆ ತಿಳಿಯಿತು. ಹಾವೇರಿಯ ಸಮ್ಮೇಳನದಲ್ಲಿ ಆದದ್ದೂ ಈಗ ಅರ್ಥವಾಯಿತು. ಅಂದು ಪೆನ್ನಿನಲ್ಲಿ ಮಸಿ ಸ್ವಲ್ಪವೇ ಇತ್ತು. ಟೋಪಿ ಎಳೆಯುವ ತರದ್ದು, ಬ್ಯಾಗು ಬಿಸಿಲಿನಲ್ಲಿ. ಪೆನ್ನನ್ನು ಬೈದದ್ದರಲ್ಲಿ ಅರ್ಧ ನನಗೇ ಸಲ್ಲಬೇಕಾದದ್ದು.

ಈ ತರದ ಪೆನ್ನುಗಳ ಹಿಂದೆ ಒಂದು ಕಥೆಯೂ ಇದೆ. ಗೋದಾವರಿ ದಂಡೆಯ ರಾಜಮಂಡ್ರಿಯ ರತ್ನಂ ಎಂಬವರು ಸ್ವದೇಶಿ ಚಳವಳಿಯ ಕಾಲದಲ್ಲಿ ಇಂಥ ಪೆನ್ನು ಮಾಡಲು ತೊಡಗಿದರು. ೧೯೩೫ರಲ್ಲಿ ಗಾಂಧೀಜಿ ಪತ್ರ ಬರೆದು ಅದನ್ನು ಮೆಚ್ಚಿದರು. ಮುಂಬಯಿಯಲ್ಲಿ ದಾಂಡೇಕರರು ೧೯೩೧ರಲ್ಲಿ ಮಸಿಯ ಪುಡಿ, ಮಸಿಯ ಗುಳಿಗೆ ಮಾಡುತ್ತ ಆರಂಭಿಸಿದ್ದೇ ಮುಂದೆ ಕ್ಯಾಮ್ಲಿನ್ ಆಯಿತು. ೨೦೧೧ರಲ್ಲಿ ಅದರ ಹೆಚ್ಚಿನ ಪಾಲು ಜಪಾನಿನ ಕೊಕುಯೊ ಕಂಪನಿಗೆ ಹೋಯಿತು. ನಾವು ಕಂಪಾಸ್ ಪೆಟ್ಟಿಗೆಯ ಮೇಲೆ ನೋಡಿ ಬೆಳೆದ ಹೆಸರದು. ನಮ್ಮದೇ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ೧೯೩೦ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದವರು. ಪೆನ್ನು, ಮಸಿ, ಉಪ್ಪು ಎಲ್ಲವನ್ನೂ ನಾವೇ ಮಾಡಿಕೊಳ್ಳುತ್ತೇವೆ ಎಂದ ಕಾಲ ಅದು. ಆ ಕಾಲದ ಪೆನ್ನಿನ ನಮೂನೆಯಲ್ಲಿ ಒಂದು ದೊಡ್ಡ ಗುಣವಿದೆ: ನಿಬ್ಬು ಬೇರೆ, ನಾಲಿಗೆ ಬೇರೆ, ಹೊಟ್ಟೆ ಬೇರೆ. ಒಂದು ಕೆಟ್ಟರೆ ಅದನ್ನಷ್ಟೇ ಬದಲಿಸಬಹುದು. ನನ್ನ ಪೆನ್ನಿಗೆ ಆ ಹಿರಿಯರು ಹೊಸ ನಿಬ್ಬು ಹಾಕಿ ತೆಗೆದುಕೊಂಡದ್ದು ಇಪ್ಪತ್ತೇ ರೂಪಾಯಿ.

ಮಸಿಯ ಬಗ್ಗೆಯೂ ಎರಡು ಮಾತು. ಪೆನ್ನಿಗೆಂದೇ ಮಾಡಿದ ಮಸಿಯನ್ನೇ ಹಾಕಬೇಕು. ಚಿತ್ರ ಬರೆಯುವ ನೀರು ತಾಗದ ಕಪ್ಪು ಮಸಿ ಹಾಕಿದರೆ ಅದು ಒಳಗೇ ಒಣಗಿ ನಾಲಿಗೆ ಕಟ್ಟುತ್ತದೆ. ಎರಡು ಕಂಪನಿಯ ಮಸಿ ಬೆರೆಸಬಾರದು. ತಿಂಗಳಿಗೊಮ್ಮೆ ತಣ್ಣೀರಿನಲ್ಲಿ ತೊಳೆಯಬೇಕು. ಬಿಸಿನೀರು ಬೇಡ, ಸೋಪೂ ಬೇಡ. ತೊಳೆದರೆ ಹೋಗುವ ನೀಲಿ ಮಸಿ ಮಕ್ಕಳಿಗೆ ಒಳ್ಳೆಯದು, ಅವರ ತಾಯಂದಿರಿಗೂ ಒಳ್ಳೆಯದು. ಆದರೆ ಬ್ಯಾಂಕಿನ ಕಾಗದ, ಹಾಜರಿ, ದಾಖಲೆಗಳಿಗೆ ಶಾಶ್ವತ ಮಸಿ ಎಂದು ಸೀಸೆಯ ಮೇಲೆ ಬರೆದದ್ದನ್ನೇ ಕೊಳ್ಳಿ. ಅಳಿಸದ ಮಸಿಯಲ್ಲಿ ನಮ್ಮ ಕರ್ನಾಟಕದ್ದೇ ದೊಡ್ಡ ಹೆಸರು. ಮೈಸೂರಿನಲ್ಲಿ ೧೯೩೭ರಲ್ಲಿ ಆರಂಭವಾದ ಬಣ್ಣದ ಕಾರ್ಖಾನೆ ೧೯೬೨ರ ಚುನಾವಣೆಯಿಂದ ದೇಶಕ್ಕೆಲ್ಲ ಬೆರಳಿಗೆ ಹಚ್ಚುವ ಮಸಿ ಕೊಡುತ್ತ ಬಂದಿದೆ. ಚುನಾವಣೆಯ ಕೆಲಸಕ್ಕೆ ಹೋದಾಗ ಎಷ್ಟು ಹೆಂಗಸರ ಬೆರಳಿಗೆ ಅದನ್ನು ಹಚ್ಚಿದ್ದೇನೋ. ಬೆರಳಿಗೆ ಮಸಿ ಹತ್ತಿದ ಆ ಒಂದು ದಿನ ಮಾತ್ರ ಯಾರಿಗೂ ನಾಚಿಕೆಯಿರುವುದಿಲ್ಲ. ಎಲ್ಲರೂ ತೋರಿಸಿಕೊಂಡೇ ಹೋಗುತ್ತಾರೆ.

ಖರ್ಚಿನ ಲೆಕ್ಕ ಹೇಳದಿದ್ದರೆ ನೀವು ಬಿಡುವುದಿಲ್ಲ. ನನ್ನ ಪೆನ್ನಿಗೆ ಒಂದು ಸಲಕ್ಕೆ ಸುಮಾರು ೨ ಮಿ.ಲೀ. ಮಸಿ ಹಿಡಿಯುತ್ತದೆ, ವಾರಕ್ಕೆ ಒಂದು ಸಲ ತುಂಬುತ್ತೇನೆ. ೬೦ ಮಿ.ಲೀ. ಸೀಸೆ ಏಳು ತಿಂಗಳು ಬರುತ್ತದೆ. ಬಿಸ್ಕೀಟಿನ ಡಬ್ಬಿ ಈಗ ಮತ್ತೆ ಬಿಸ್ಕೀಟಿಗೇ ಸಿಕ್ಕಿದೆ.

ಹಾಗಾದರೆ ನಾನು ಕೊನೆಗೆ ಇಟ್ಟುಕೊಂಡದ್ದು ಯಾವುದು? ಐದನೆಯದನ್ನು, ಅಂದರೆ ತಿರುಗಿಸುವ ಟೋಪಿ, ಸಣ್ಣ ಸ್ಟೀಲ್ ನಿಬ್ಬು, ಒಳಗೆ ಪಿಚಕಾರಿ ಇರುವ ಪೆನ್ನನ್ನು. ಮಸಿ ಪಿಚಕಾರಿಯಲ್ಲಿದ್ದು ಕೈಯ ಬಿಸಿ ಅದಕ್ಕೆ ನೇರವಾಗಿ ತಾಗದೆ ಇರುವುದರಿಂದ ಹನಿ ಬೀಳುವುದು ಕಡಿಮೆ. ಬೆಲೆ ಇನ್ನೂರು ರೂಪಾಯಿಯೊಳಗೆ. ಹೆಸರು ಹೇಳುವುದಿಲ್ಲ, ಒಂದು ಊರಿನಲ್ಲಿ ಸಿಕ್ಕ ಹೆಸರು ಇನ್ನೊಂದು ಊರಿನಲ್ಲಿ ಸಿಗುವುದಿಲ್ಲ, ಗುಣ ಮಾತ್ರ ಎಲ್ಲೆಡೆ ಹುಡುಕಿದರೆ ಸಿಗುತ್ತದೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಗುರುತು ಸಿಕ್ಕಿತಲ್ಲ, ಅದಕ್ಕೆ ಬೆಲೆ ಖಾರಕ್ಕಲ್ಲ, ಬಣ್ಣಕ್ಕೆ. ನಾಲಿಗೆ ಸುಡದೆ ಸಾರೆಲ್ಲ ಕೆಂಪಾಗಿಸುತ್ತದೆ. ಒಳ್ಳೆಯ ಪೆನ್ನೂ ಹಾಗೆಯೇ, ಕೈ ನೋಯಿಸದೆ ಹಾಳೆ ತುಂಬಿಸಬೇಕು.

ನಾಲ್ಕನೆಯ ಪೆನ್ನು ಏನಾಯಿತು ಎಂಬುದನ್ನು ಹೇಳಿ ಮುಗಿಸುತ್ತೇನೆ. ನಮ್ಮ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ತಾಯಿ ಮೆಣಸಿನಕಾಯಿ ತುಂಬು ಬಿಡಿಸುವ ಕೂಲಿ ಮಾಡುತ್ತಾಳೆ, ರಜೆಯ ದಿನ ಇವಳೂ ಕೂಡುತ್ತಾಳೆ. ಸೋಮವಾರ ಅವಳ ಬರವಣಿಗೆ ಹಾಳಾಗಿರುತ್ತಿತ್ತು. ಮೊದಮೊದಲು ಬೈದೆ. ಒಂದು ದಿನ ಕೈ ಹಿಡಿದು ನೋಡಿದರೆ ಬೆರಳ ತುದಿಗಳೆಲ್ಲ ಕೆಂಪಗೆ ಉರಿಯುತ್ತಿದ್ದವು. ಆ ಬೆರಳಿನಲ್ಲಿ ಬಾಲ್ ಪೆನ್ನು ಒತ್ತಿ ಬರೆಯೆಂದರೆ ಹೇಗೆ ಬರೆದಾಳು? ನಾಲ್ಕನೆಯ ಪೆನ್ನನ್ನು ಅವಳಿಗೆ ಕೊಟ್ಟು, ಒತ್ತದೆ ಬರೆಯುವುದನ್ನೂ ಅರ್ಧ ಖಾಲಿಯಾಗುವ ಮೊದಲೇ ತುಂಬುವುದನ್ನೂ ತೋರಿಸಿದೆ. ಪರೀಕ್ಷೆಯ ದಿನ ಮಾತ್ರ ಒಂದು ಬಾಲ್ ಪೆನ್ನನ್ನೂ ಜೊತೆಗಿಟ್ಟುಕೋ ಎಂದೆ; ನೀರಿನ ಬಾಟಲಿ ಉರುಳಿದರೆ ಇಂಕಿನ ಅಕ್ಷರ ಉಳಿಯುವ ಭರವಸೆ ಇಲ್ಲ.

ಆಗ ಅವಳು ಕೇಳಿದಳು: "ಟೀಚರ್, ಇದನ್ನ ಎಲ್ಲಿ ಇಟಗೊಳ್ಳಲಿರಿ?"

ನಮ್ಮ ಶಾಲೆಯ ಸಮವಸ್ತ್ರದಲ್ಲಿ ಹುಡುಗರ ಅಂಗಿಗೆ ಕಿಸೆಯಿದೆ, ಹುಡುಗಿಯರ ಚೂಡಿದಾರಕ್ಕೆ ಇಲ್ಲ. ಮೂವತ್ತು ವರ್ಷ ಆ ಹುಡುಗಿಯರ ಎದುರು ನಿಂತು ಪಾಠ ಮಾಡಿದ್ದೇನೆ, ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಂದು ಸಂಜೆ ಅವಳ ಜೊತೆಗೇ ದರ್ಜಿಯ ಹತ್ತಿರ ಹೋದೆ. "ಹೆಣ್ಣಮಕ್ಕಳ ಡ್ರೆಸ್ಸಿಗೆ ಕಿಸೆ ಯಾಕ್ರೀ ಅಕ್ಕೋರ?" ಎಂದು ಅವನು ನಕ್ಕ. "ಪೆನ್ನು ಇಡಾಕ" ಎಂದೆ. ಎಡಗಡೆ ಹೊಲಿಗೆಯ ಒಳಗೆ, ಪೆನ್ನು ನೆಟ್ಟಗೆ ನಿಲ್ಲುವಷ್ಟು ಆಳದ ಕಿಸೆ ಹೊಲಿದುಕೊಟ್ಟ. ಹತ್ತು ರೂಪಾಯಿ ತೆಗೆದುಕೊಂಡ. ಮರುವಾರ ಅದೇ ತರಗತಿಯ ಇನ್ನೂ ಏಳು ಹುಡುಗಿಯರು ಅವನ ಅಂಗಡಿಯ ಮುಂದೆ ನಿಂತಿದ್ದರಂತೆ.

ನೀವು ಪೆನ್ನು ಕೊಳ್ಳಲು ಹೋದಾಗ ನಿಬ್ಬು ನೋಡಿ, ಟೋಪಿ ನೋಡಿ, 'ಸ್ವಾತಂತ್ರ್ಯ' ಎಂದು ಬರೆದು ನೋಡಿ. ಆದರೆ ಅದಕ್ಕೂ ಮೊದಲು ದರ್ಜಿಯ ಹತ್ತಿರ ಹೋಗಿ ಬನ್ನಿ.